ಕಣ್ಣಿಗೆ ಹನಿ ಹಾಕುವ ಮುನ್ನ

2023ರ ಜುಲೈ–ಆಗಸ್ಟ್‌ನಲ್ಲಿ ರಾಜ್ಯದ ಹಲವೆಡೆ ಕೆಂಗಣ್ಣು ಬೇನೆ ಹರಡಿತು. ಜನ ಇದನ್ನು ‘ಮದ್ರಾಸ್ ಐ’ ಎಂದೇ ಕರೆಯುತ್ತಾರೆ. ಇಂಥ ಸಮಯದಲ್ಲಿ ಔಷಧಿ ಅಂಗಡಿಯವರನ್ನೇ ಕೇಳಿ ಡ್ರಾಪ್ಸ್ ತರುವುದು, ಒಂದೇ ಬಾಟಲಿಯನ್ನು ಮನೆಮಂದಿಯೆಲ್ಲ ಬಳಸುವುದು ನಮ್ಮಲ್ಲಿ ರೂಢಿ. ಈ ರೂಢಿ ನಿಲ್ಲಬೇಕು.

ಹೀಗೆ ಊರಿಗೆ ಊರೇ ಹರಡುವ ಕೆಂಗಣ್ಣಿಗೆ ಬಹುಮಟ್ಟಿಗೆ ವೈರಸ್ ಕಾರಣ. ಆಂಟಿಬಯೋಟಿಕ್ ಹನಿಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಹೊರತು ವೈರಸ್ಸನ್ನಲ್ಲ. ಒಂದೆರಡು ವಾರದಲ್ಲಿ ತಾನಾಗಿಯೇ ಬೇನೆ ಇಳಿದಾಗ, ಹನಿಯಿಂದಲೇ ವಾಸಿಯಾಯಿತೆಂದು ನಾವು ನಂಬುತ್ತೇವೆ.

ಹನಿ ಹಾಕಿದಾಗ ಕೊಂಚ ಉರಿ, ಗಂಟಲಲ್ಲಿ ಕಹಿ ಸಾಮಾನ್ಯ. ಆದರೆ ನಿಯೋಮೈಸಿನ್ ಕೆಲವರಿಗೆ ಒಗ್ಗದೆ ರೆಪ್ಪೆ ಊದಿ ತುರಿಸುತ್ತದೆ. ಜೆಂಟಾಮೈಸಿನ್ ಬಹುದಿನ ಬಳಸಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರಕ್ಕೆ ಹಾನಿಯಾದೀತು. ಬೇಡದ ಕಡೆ ಬಳಸಿದಷ್ಟೂ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ.

ಎಲ್ಲಕ್ಕಿಂತ ಅಪಾಯಕಾರಿ, ಸ್ಟೀರಾಯ್ಡ್ ಬೆರೆತ ಹನಿ. ಒಂದೇ ದಿನದಲ್ಲಿ ಕೆಂಪು ಇಳಿಯುವುದರಿಂದ ಇದೇ ಒಳ್ಳೆಯ ಔಷಧಿ ಎನಿಸುತ್ತದೆ. ಬಹುದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಹೊಸಹೊಳಲು, ಕೆ.ಆರ್. ಪೇಟೆಯಂಥ ಬೇಸಾಯದ ಊರುಗಳಲ್ಲಿ ಇನ್ನೊಂದು ಭಯವಿದೆ. ಕಬ್ಬಿನ ಗರಿ, ಭತ್ತದ ತೆನೆ ತಾಗಿದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣಾಗಬಹುದು. ಅದಕ್ಕೆ ಆಂಟಿಬಯೋಟಿಕ್ ನಾಟದು. ಸ್ಟೀರಾಯ್ಡ್ ಹಾಕಿದರಂತೂ ಹುಣ್ಣು ಬೆಳೆದು ದೃಷ್ಟಿಯೇ ಹೋಗಬಹುದು.

ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವಲ್ಲ, ನಿಜ. ಆದ್ದರಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ದಿನವಾದರೂ ಕಣ್ಣಿನ ತಪಾಸಣೆ ನಡೆಯಬೇಕು. ಅಂಗಡಿಯವರೂ ಚೀಟಿಯಿಲ್ಲದೆ ಇವನ್ನು ಮಾರಬಾರದು. ಕಾನೂನು ಹೇಳುವುದೂ ಅದನ್ನೇ.

ವೈದ್ಯರು ಬರೆದುಕೊಟ್ಟ ಹನಿಯನ್ನು ಹೇಳಿದಷ್ಟು ದಿನ ತಪ್ಪದೆ ಹಾಕಿ. ಒಮ್ಮೆಗೆ ಒಂದೇ ಹನಿ ಸಾಕು. ಕೈ ತೊಳೆದುಕೊಳ್ಳಿ, ಬಾಟಲಿಯ ತುದಿ ಕಣ್ಣಿಗೆ ತಾಗದಿರಲಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ. ಮುಚ್ಚಳ ತೆರೆದು ತಿಂಗಳಾದರೆ ಎಸೆದುಬಿಡಿ. ನೋವು, ಮಂಜು ದೃಷ್ಟಿ, ಬೆಳಕು ಸಹಿಸಲಾಗದಿರುವುದು ಅಥವಾ ಪೆಟ್ಟು, ಇವುಗಳಲ್ಲಿ ಯಾವುದಿದ್ದರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಕಳೆದ ಕೂಲಿಯನ್ನು ನಾಳೆ ದುಡಿಯಬಹುದು, ಕಳೆದ ದೃಷ್ಟಿಯನ್ನಲ್ಲ.