ಕಿಟಕಿಯಿಂದ ಹಾರಿದ ಗುಂಡು

ಕಳೆದ ಚಳಿಗಾಲದಲ್ಲಿ ದಕ್ಷಿಣ ಕೋಲ್ಕತ್ತೆಯ ಒಂದು ಸಣ್ಣ ಸಭಾಂಗಣದಲ್ಲಿ ಹೊಸಬರ ಕಿರುಚಿತ್ರಗಳ ಪ್ರದರ್ಶನವಿತ್ತು. ಹದಿನೈದು ವರ್ಷದ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ತೋರಿಸಿದ ಚಿತ್ರಗಳಲ್ಲೊಂದು ಕಾಲೇಜು ಹುಡುಗರ ಹೊಡೆದಾಟದ ಕತೆ. ಹಿಂಸೆಯಿಂದ ಯುವಜನರು ಹಾಳಾಗುತ್ತಿದ್ದಾರೆಂಬ ಕಳಕಳಿಯ ಒಕ್ಕಣೆಯೊಂದಿಗೇ ಅದು ಆರಂಭವಾಯಿತು. ಆದರೆ ಪೆಟ್ಟು ಬೀಳುವ ಹೊತ್ತಿಗೆ ಕ್ಯಾಮೆರಾ ನೆಲಕ್ಕೆ ಇಳಿದು, ಹೊಡೆಯುವವನನ್ನು ಆಕಾಶದೆತ್ತರಕ್ಕೆ ಏರಿಸಿ ತೋರಿಸಿತು. ಮುಷ್ಟಿ ನಿಧಾನಗತಿಯಲ್ಲಿ ಬಂದು ದವಡೆಗೆ ತಾಗಿದಾಗ ಕುರ್ಚಿಗಳೇ ನಡುಗುವಂಥ ಸದ್ದು. ಸಭಾಂಗಣದಲ್ಲಿ ಸಿಳ್ಳೆ ಬಿತ್ತು. ಹೊರಗೆ ಬಂದು ಚಹಾದ ಮಣ್ಣಿನ ಕುಡಿಕೆ ಹಿಡಿದು ನಿಂತಾಗ ಮಗ ಹೇಳಿದ ಮೊದಲ ಮಾತು, "ಅಪ್ಪಾ, ಆ ಏಟಿನ ಸೌಂಡ್ ಸಖತ್ತಾಗಿತ್ತು."

ಅವನನ್ನು ಗದರಿಸಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಆ ಸದ್ದಿಗೆ ನನ್ನ ಎದೆಯೂ ಒಂದು ಕ್ಷಣ ಹಿಗ್ಗಿತ್ತು. ನಿಜಜೀವನದಲ್ಲಿ ಕೆನ್ನೆಗೆ ಬಿದ್ದ ಮುಷ್ಟಿಯ ಸದ್ದು ತೀರ ಸಣ್ಣದು, ಮಂಕಾದದ್ದು. ಜಗಳ ಬಿಡಿಸಲು ಹೋದವರಿಗೆಲ್ಲ ಇದು ಗೊತ್ತು. ಪರದೆಯ ಮೇಲಿನ ಸದ್ದು ಸ್ಟುಡಿಯೋದಲ್ಲಿ ಹುಟ್ಟಿದ್ದು. ಹಸಿ ತರಕಾರಿಯ ದಂಟನ್ನು ಲಟಕ್ಕನೆ ಮುರಿದು ಎಲುಬು ಮುರಿದ ಸದ್ದನ್ನು ತೆಗೆಯುವುದು ಧ್ವನಿ ತಂತ್ರಜ್ಞರ ಹಳೆಯ ವಿದ್ಯೆ. ಆ ವಿದ್ಯೆಯನ್ನು ನಾನು ದೂರುವುದಿಲ್ಲ. ಆದರೆ ಒಕ್ಕಣೆ ಒಂದನ್ನು ಹೇಳಿ, ಕ್ಯಾಮೆರಾ ಮತ್ತು ಸದ್ದು ಇನ್ನೊಂದನ್ನು ಹೇಳಿದಾಗ ಹುಡುಗರು ನಂಬುವುದು ಯಾವುದನ್ನು ಎಂಬ ಪ್ರಶ್ನೆ ಮನೆ ತಲುಪುವವರೆಗೂ ನನ್ನನ್ನು ಬಿಡಲಿಲ್ಲ.

ಆ ರಾತ್ರಿ ಮಗನಿಗೆ ಇದೇ ಊರಿನಲ್ಲಿ ತಯಾರಾದ ಮತ್ತೊಂದು ಕಿರುಚಿತ್ರವನ್ನು ತೋರಿಸಿದೆ. ಸತ್ಯಜಿತ್ ರೇ 1964ರಲ್ಲಿ ಮಾಡಿದ 'ಟೂ'. ಕಾಲು ಗಂಟೆಯೂ ಹಿಡಿಯದ ಕಪ್ಪುಬಿಳುಪು ಚಿತ್ರ. ಅಮೆರಿಕದ ಎಸ್ಸೋ ಕಂಪನಿಯ ಪ್ರಾಯೋಜಕತ್ವದ ದೂರದರ್ಶನ ಮಾಲಿಕೆಯೊಂದಕ್ಕಾಗಿ, ಬಂಗಾಳದ ಹಿನ್ನೆಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಚಿತ್ರ ಮಾಡಿಕೊಡಿ ಎಂದು ಅವರನ್ನು ಕೇಳಿದ್ದರು. ರೇ ಇಂಗ್ಲಿಷನ್ನೂ ಬಿಟ್ಟರು, ಬಂಗಾಳಿಯನ್ನೂ ಬಿಟ್ಟರು. ಒಂದೂ ಮಾತಿಲ್ಲದ ಚಿತ್ರ ಮಾಡಿದರು. ಊರು ಬಿಟ್ಟು ಪರಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಈ ನಿರ್ಧಾರದ ರುಚಿ ಬೇಗ ತಿಳಿಯುತ್ತದೆ.

ಕತೆ ಇಷ್ಟೇ. ದೊಡ್ಡ ಮನೆಯಲ್ಲಿ ಒಬ್ಬ ಶ್ರೀಮಂತ ಹುಡುಗ ಒಬ್ಬನೇ ಇದ್ದಾನೆ. ತಲೆಗೆ ಮಿಕ್ಕಿ ಮೌಸ್ ಕಿವಿಯ ಟೋಪಿ, ಕೈಯಲ್ಲಿ ಕೋಲಾ ಬಾಟಲಿ, ಕೋಣೆಯ ತುಂಬ ಆಟಿಕೆ. ಬೇಸರಕ್ಕೆ ಬೆಂಕಿಕಡ್ಡಿ ಗೀರಿ ಬಲೂನು ಒಡೆಯುತ್ತಾನೆ. ಹೊರಗಿನಿಂದ ಕೊಳಲಿನ ದನಿ ಬರುತ್ತದೆ. ಕಿಟಕಿಯಿಂದ ನೋಡಿದರೆ ಕೆಳಗೆ ಗುಡಿಸಲ ಬಳಿ ಅವನದೇ ವಯಸ್ಸಿನ ಬಡ ಹುಡುಗನೊಬ್ಬ ಕೊಳಲೂದುತ್ತಿದ್ದಾನೆ. ಇವನು ತನ್ನ ಆಟಿಕೆಯ ತುತ್ತೂರಿ ತಂದು ಊದಿ ಆ ದನಿಯನ್ನು ಮುಳುಗಿಸುತ್ತಾನೆ. ಅವನು ಡೋಲು ತಂದರೆ ಇವನು ಕೀಲಿ ಕೊಟ್ಟರೆ ಡೋಲು ಬಾರಿಸುವ ಕೋತಿಯ ಬೊಂಬೆಯನ್ನು ತೋರಿಸುತ್ತಾನೆ. ಅವನು ಮುಖವಾಡ ಹಾಕಿ ಕುಣಿದರೆ ಇವನ ಬಳಿ ಇನ್ನೂ ಭಯಂಕರವಾದ ಮುಖವಾಡಗಳು, ಕತ್ತಿ, ಬಂದೂಕು. ಸೋತ ಬಡ ಹುಡುಗ ಸ್ವಲ್ಪ ಹೊತ್ತಿನ ಮೇಲೆ ಗಾಳಿಪಟ ಹಾರಿಸುತ್ತಾನೆ. ಅದಕ್ಕೆ ಸಮನಾದ ಆಟಿಕೆ ಇವನ ಕೋಣೆಯಲ್ಲಿಲ್ಲ. ಕವಣೆಯಿಂದ ಹೊಡೆಯುತ್ತಾನೆ, ಗುರಿ ತಪ್ಪುತ್ತದೆ. ಆಗ ಏರ್‌ಗನ್ ತರುತ್ತಾನೆ.

ಸೌಮೇಂದು ರಾಯ್ ಅವರ ಕ್ಯಾಮೆರಾ ಇಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಗಮನಿಸಬೇಕು. ಬಡ ಹುಡುಗನ ಗುಡಿಸಲೊಳಗೆ ಅದು ಒಮ್ಮೆಯೂ ಹೋಗುವುದಿಲ್ಲ. ಅವನನ್ನು ನಾವು ಮುಖ್ಯವಾಗಿ ಕಿಟಕಿಯ ಎತ್ತರದಿಂದ, ಶ್ರೀಮಂತ ಹುಡುಗನ ಕಣ್ಣಿನಿಂದ ನೋಡುತ್ತೇವೆ. ನಮ್ಮ ಮರುಕ ಕೆಳಗಿನವನ ಕಡೆ ಇದ್ದರೂ ನಾವು ಕುಳಿತಿರುವ ಜಾಗ ಮೇಲಿನವನದು. ಗುಂಡು ಹಾರುವುದೂ ನಾವಿರುವ ಕಡೆಯಿಂದಲೇ. ಸಭಾಂಗಣದಲ್ಲಿ ನೋಡಿದ ಚಿತ್ರವೂ ನಮ್ಮನ್ನು ಹೊಡೆಯುವವನ ಪಕ್ಕದಲ್ಲೇ ಇರಿಸಿತ್ತಲ್ಲ, ವ್ಯತ್ಯಾಸವೇನು ಎಂದು ಕೇಳಬಹುದು. ಅಲ್ಲಿ ಕ್ಯಾಮೆರಾ ಹೊಡೆಯುವವನ ಪಾದದ ಬಳಿ ಕುಳಿತು ಅವನನ್ನು ತಲೆಯೆತ್ತಿ ನೋಡುತ್ತಿತ್ತು, ಭಕ್ತನಂತೆ. ಇಲ್ಲಿ ಅದು ಅವನ ಕೋಣೆಯಲ್ಲೇ ಇದ್ದು ಅವನ ಬೇಸರವನ್ನು, ಒಂಟಿತನವನ್ನು, ಗೆದ್ದೆನೆಂಬ ಸಣ್ಣ ನಗೆಯನ್ನು ಹತ್ತಿರದಿಂದ ನೋಡುತ್ತದೆ. ಅದೇ ವರ್ಷ ಬಂದ 'ಚಾರುಲತಾ'ದ ಆರಂಭವನ್ನು ನೋಡಿದವರಿಗೆ ಈ ಕೋಣೆ ಪರಿಚಿತ. ಅಲ್ಲಿಯೂ ದೊಡ್ಡ ಮನೆಯ ಒಂಟಿ ಜೀವವೊಂದು ಕಿಟಕಿಯಿಂದ ಕಿಟಕಿಗೆ ಅಲೆದು, ದುರ್ಬೀನು ಹಿಡಿದು ಬೀದಿಯನ್ನು ನೋಡುತ್ತದೆ. ಚಾರು ಕೈಯಲ್ಲಿ ದುರ್ಬೀನಿತ್ತು, ಈ ಹುಡುಗನ ಕೈಯಲ್ಲಿ ಕೋವಿಯಿದೆ.

ಸದ್ದಿನ ವಿಚಾರದಲ್ಲಿ ಚಿತ್ರ ಇನ್ನೂ ಮುಂದೆ ಹೋಗುತ್ತದೆ. ಮಾತಿಲ್ಲದ ಕಾರಣ ಜಗಳವೆಲ್ಲ ಸದ್ದುಗಳ ನಡುವೆಯೇ ನಡೆಯಬೇಕು. ಕೊಳಲಿನ ಮೇಲೆ ತುತ್ತೂರಿ, ಡೋಲಿನ ಮೇಲೆ ಯಂತ್ರದ ಡೋಲು. ಗುಂಡು ಹಾರುವುದಕ್ಕೆ ಎಷ್ಟೋ ಮೊದಲೇ ಹಿಂಸೆ ಆರಂಭವಾಗಿದೆ. ಇನ್ನೊಬ್ಬನ ದನಿ ಕೇಳದಂತೆ ಮಾಡುವುದೇ ಅದರ ಮೊದಲ ಹೆಜ್ಜೆ. ಸಂಗೀತವೂ ರೇ ಅವರದೇ. ಊದುವುದಕ್ಕೆ ಉಸಿರು ಬೇಕು, ಕೀಲಿ ತಿರುಗಿಸುವುದಕ್ಕೆ ಬೆರಳು ಸಾಕು ಎಂಬ ಭೇದವನ್ನು ಅವರು ಕಿವಿಗೇ ಬಿಟ್ಟಿದ್ದಾರೆ. ಕೊನೆಗೆ ಶ್ರೀಮಂತ ಹುಡುಗ ತನ್ನ ಆಟಿಕೆಗಳನ್ನೆಲ್ಲ ಒಟ್ಟಿಗೇ ಚಾಲೂ ಮಾಡಿ ಗದ್ದಲದ ನಡುವೆ ಕೂರುತ್ತಾನೆ. ಆ ಗದ್ದಲವನ್ನು ದಾಟಿ ಕೊಳಲು ಮತ್ತೆ ಕೇಳಿಬರುತ್ತದೆ. ಆಟಿಕೆಯ ರೋಬಾಟ್ ತನ್ನಷ್ಟಕ್ಕೆ ನಡೆದು ಹೋಗಿ, ಅವನೇ ಕಟ್ಟಿದ್ದ ಗೋಪುರವನ್ನು ಕೆಡವುತ್ತದೆ.

ಈ ಚಿತ್ರವನ್ನು ಶೀತಲ ಸಮರದ, ವಿಯೆಟ್ನಾಮಿನ ರೂಪಕವೆಂದು ಓದುವ ವಿಮರ್ಶಕರಿದ್ದಾರೆ. ಅಮೆರಿಕದ ಹಣ, ಕೋಲಾ ಬಾಟಲಿ, ಮಿಕ್ಕಿ ಮೌಸ್ ಟೋಪಿ ಎಲ್ಲ ಸೇರಿ ಅದಕ್ಕೆ ಇಂಬು ಕೊಡುತ್ತವೆ. ಸರಿಯೇ ಇರಬಹುದು. ಆದರೂ ಆ ಓದು ನಮ್ಮನ್ನು ಸುಲಭವಾಗಿ ಪಾರುಮಾಡುತ್ತದೆ ಎಂಬುದು ನನ್ನ ಅನುಮಾನ. ಮಕ್ಕಳನ್ನು ಮಹಾಶಕ್ತಿಗಳ ಗುರುತಾಗಿ ಮಾಡಿದೊಡನೆ, ನಮ್ಮ ಫ್ಲ್ಯಾಟಿನ ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತ ನಮ್ಮದೇ ಹುಡುಗನನ್ನು ನೋಡುವ ಅಗತ್ಯ ತಪ್ಪುತ್ತದೆ. ರೂಪಕಕ್ಕಿಂತ ಮೊದಲು ಅದು ಒಂದು ಮನೆ, ಒಂದು ಮಧ್ಯಾಹ್ನ.

ಚಿತ್ರದಲ್ಲಿ ನನಗೊಂದು ತಕರಾರೂ ಇದೆ. ಬಡ ಹುಡುಗ ತೀರ ನಿರ್ಮಲನಾಗಿದ್ದಾನೆ. ಅವನ ಕೈಗೆ ಕೊಳಲು ಕೊಟ್ಟಾಗಲೇ ನಮ್ಮ ತೀರ್ಪು ಮುಗಿದುಹೋಗುತ್ತದೆ. ಕೊಳಲು ಹಿಡಿದವನ ಮೇಲೆ ಭಾರತದಲ್ಲಿ ಯಾರು ತಾನೆ ಸಿಟ್ಟಾದಾರು? ಹರಿದ ಗಾಳಿಪಟ ಹಿಡಿದು ಅವನು ತಲೆಯೆತ್ತಿ ನೋಡುವಾಗ ಅವನ ಕಣ್ಣೀರಿನ ಬದಲು ಸಿಟ್ಟು ಕಂಡಿದ್ದರೆ ಚಿತ್ರ ಇನ್ನಷ್ಟು ಕಠಿಣವಾಗುತ್ತಿತ್ತು. ಆ ಸಿಟ್ಟು ಮುಂದೆ ಈ ಊರಿನ ಪರದೆಯ ಮೇಲೆ ಬಂದೇ ಬಂದಿತು. 1967ರ ನಕ್ಸಲ್‌ಬಾರಿಯ ನಂತರ ಕೋಲ್ಕತ್ತೆಯ ಬೀದಿಗಳಲ್ಲಿ ಹುಡುಗರು ಕೊಂದರು, ಕೊಲೆಯಾದರು. ಮೃಣಾಲ್ ಸೇನರ 'ಕಲ್ಕತ್ತಾ 71' (1972) ಚಿತ್ರದಲ್ಲಿ ಇಪ್ಪತ್ತು ವರ್ಷದ, ಹೆಸರಿಲ್ಲದ ಯುವಕನೊಬ್ಬ ಗುಂಡಿಗೆ ಬಲಿಯಾಗಿ, ನೇರ ಕ್ಯಾಮೆರಾದತ್ತ ತಿರುಗಿ ನಮ್ಮೊಡನೆ ಮಾತಾಡುತ್ತಾನೆ. ಸೇನರ ಕ್ಯಾಮೆರಾ ಓಡುತ್ತದೆ, ಚಿತ್ರ ಸಿಡಿಯುತ್ತದೆ. ರೇ ಅವರ ಸಂಯಮ ಅಲ್ಲಿಲ್ಲ. ಆದ್ದರಿಂದ ಕ್ಯಾಮೆರಾ ಅಲುಗಿದ ಮಾತ್ರಕ್ಕೆ, ಸದ್ದು ಜೋರಾದ ಮಾತ್ರಕ್ಕೆ ಚಿತ್ರ ಹಿಂಸೆಯನ್ನು ಮೆರೆಸಿತೆಂದು ನಾನು ಹೇಳಲಾರೆ. ಸೇನರ ಓಡುವ ಕ್ಯಾಮೆರಾ ಬೇಟೆಯಾಡಲ್ಪಡುವವನ ಜತೆಗಿತ್ತು.

ಹಾಗೆಯೇ ಕೊಲ್ಲುವವನ ಜತೆ ನಡೆಯುವ ಕ್ಯಾಮೆರಾವೂ ತಪ್ಪಲ್ಲ. ಅಲನ್ ಕ್ಲಾರ್ಕ್ 1989ರಲ್ಲಿ ಬಿಬಿಸಿಗಾಗಿ ಮಾಡಿದ 'ಎಲಿಫೆಂಟ್' ಎಂಬ 39 ನಿಮಿಷಗಳ ಚಿತ್ರದಲ್ಲಿ ಉತ್ತರ ಐರ್ಲೆಂಡಿನ 18 ಕೊಲೆಗಳಿವೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಮೆರಾ ಕೊಲೆಗಾರನ ಬೆನ್ನ ಹಿಂದೆಯೇ ನಡೆಯುತ್ತದೆ. ಹೆಜ್ಜೆಯ ಸದ್ದು, ಗುಂಡು, ಆಮೇಲೆ ಬಿದ್ದ ದೇಹದ ಮೇಲೆ ದೀರ್ಘವಾಗಿ ನಿಲ್ಲುವ ನೋಟ. ಸಿಳ್ಳೆ ಹಾಕಲು ಯಾರಿಗೂ ಅಲ್ಲಿ ಎಡೆಯಿಲ್ಲ. ಪೆಟ್ಟು ಬಿದ್ದ ಮರುಕ್ಷಣವೇ ಕತ್ತರಿಸಿ ಮುಂದಿನ ಪೆಟ್ಟಿಗೆ ಹೋಗುವ ಸಂಕಲನವೇ, ನನ್ನ ಮಟ್ಟಿಗೆ, ಇಂದಿನ ಹುಡುಗರ ಚಿತ್ರಗಳ ದೊಡ್ಡ ದೋಷ. ಬಿದ್ದವನ ಮುಖಕ್ಕೆ ಅವುಗಳಲ್ಲಿ ಸಮಯವೇ ಇರುವುದಿಲ್ಲ. 'ಟೂ' ಚಿತ್ರದಲ್ಲಿ ಗಾಳಿಪಟ ಬಿದ್ದ ಮೇಲೆ ಆ ಮುಖವನ್ನು ನೋಡದೆ ವಿಧಿಯಿಲ್ಲ; ಮೇಲಿನ ಹುಡುಗನೂ ನೋಡಬೇಕು, ನಾವೂ ನೋಡಬೇಕು.

ಸದ್ದಿನ ಮಿತವ್ಯಯದ ಮಾತು ಬಂದಾಗ ಕೋಲ್ಕತ್ತೆಯ ಕನ್ನಡಿಗನಿಗೆ ಬಿ.ವಿ. ಕಾರಂತರ ನೆನಪು ಬರದೆ ಇರದು. ಮೃಣಾಲ್ ಸೇನರ 'ಖಾರಿಜ್' (1982) ಚಿತ್ರಕ್ಕೆ ಸಂಗೀತ ಅವರದು. ಚಳಿಯ ರಾತ್ರಿ ಅಡುಗೆಮನೆಯಲ್ಲಿ ಮಲಗಿದ ಕೆಲಸದ ಹುಡುಗ ಒಲೆಯ ವಿಷಗಾಳಿಗೆ ಸಾಯುತ್ತಾನೆ. ಯಾರೂ ಕೈ ಎತ್ತಿಲ್ಲ, ಕೋವಿಯೂ ಇಲ್ಲ, ಆದರೂ ಅದು ಹಿಂಸೆಯೇ. ಕಾನ್ ಚಿತ್ರೋತ್ಸವದಲ್ಲಿ 1983ರಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆದ ಆ ಚಿತ್ರದಲ್ಲಿ ನಮ್ಮ ಬಾಬುಕೋಡಿಯವರ ಕಿವಿ ಕೆಲಸ ಮಾಡಿದೆಯೆಂಬುದು ನಮ್ಮ ಸಭೆಗಳಲ್ಲಿ ಯಾಕೋ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಈ ವಿಷಯದ ಬಗ್ಗೆ ಬಲ್ಲವರು ಬೇರೆಯಾಗಿಯೇ ಬರೆಯಬೇಕು.

ಮಗ 'ಟೂ' ಚಿತ್ರವನ್ನು ಎದುರುಮಾತಾಡದೆ ನೋಡಿದ. ಮುಗಿದ ಮೇಲೆ, "ಅದು ಆಟದ ರೂಲೇ ಅಲ್ಲ ಅಪ್ಪಾ," ಎಂದ. ನನಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದ. ಅವನು ಹುಟ್ಟಿ ಬೆಳೆದದ್ದು ಈ ಊರಿನಲ್ಲಿ. ಸೆಪ್ಟೆಂಬರಿನ ವಿಶ್ವಕರ್ಮ ಪೂಜೆಯ ದಿನ ಇಲ್ಲಿನ ಮಹಡಿಗಳ ಮೇಲೆಲ್ಲ ಗಾಳಿಪಟದ ಕಾಳಗ. ಮಾಂಜಾ ಹಚ್ಚಿದ ದಾರದಿಂದ ಎದುರಾಳಿಯ ಪಟವನ್ನು ಕೊಯ್ದಾಗ "ಭೋ ಕಾಟ್ಟಾ" ಎಂದು ಓಣಿಗೆ ಓಣಿಯೇ ಕೂಗುತ್ತದೆ. ಕೊಯ್ಯುವುದು ಸರಿ, ಕೊಯ್ಸಿಕೊಳ್ಳುವುದೂ ಸರಿ. ಆದರೆ ಕೊಯ್ಯಬೇಕಾದರೆ ನಿನ್ನ ಪಟವೂ ಆಕಾಶದಲ್ಲಿರಬೇಕು. ಆ ಹುಡುಗ ಪಟವನ್ನೇ ಹಾರಿಸದೆ ಕಿಟಕಿಯೊಳಗೆ ನಿಂತು ಹೊಡೆದ.

ಹತ್ತಾರು ಬಾರಿ ಚಿತ್ರವನ್ನು ನೋಡಿದ ನನಗೆ ಇದು ಹೊಳೆದಿರಲಿಲ್ಲ. ಬಡತನ, ಸಿರಿತನ, ಅಮೆರಿಕ, ವಿಯೆಟ್ನಾಂ ಎಂದೆಲ್ಲ ನಾನು ಹುಡುಕುತ್ತಿದ್ದಾಗ ಅವನು ಆಟದ ನಿಯಮ ಮುರಿದ ಜಾಗವನ್ನು ಬೆರಳಿಟ್ಟು ತೋರಿಸಿದ್ದ. ತನ್ನದೇನನ್ನೂ ಪಣಕ್ಕಿಡದೆ ಇನ್ನೊಬ್ಬನದನ್ನು ಉರುಳಿಸುವವನನ್ನು ಕ್ಯಾಮೆರಾ ಕೋಣೆಯೊಳಗಿನಿಂದ ತೋರಿಸಿದ್ದರಿಂದಲೇ ಅವನಿಗೆ ಹಾಗೆ ಕಂಡಿರಬೇಕು.

ನಾನು ಒಳಗೊಳಗೇ ಬೀಗಿದೆನೆಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಸಂಜೆ ಅವನ ಕೋಣೆಯಿಂದ ಪರಿಚಿತ ಸದ್ದೊಂದು ಕೇಳಿಸಿತು. ಸಭಾಂಗಣದ ಆ ಹೊಡೆದಾಟದ ತುಣುಕನ್ನು ಗೆಳೆಯನೊಬ್ಬ ಫೋನಿಗೆ ಕಳಿಸಿದ್ದನಂತೆ. ದವಡೆಗೆ ಬಿದ್ದ ಮುಷ್ಟಿ, ಮತ್ತೆ ಹಿಂದಕ್ಕೆ, ಮತ್ತೆ ಮುಷ್ಟಿ. ಬಾಗಿಲ ಬಳಿ ನಿಂತ ನನ್ನನ್ನು ನೋಡಿ ಅವನು ಸದ್ದನ್ನು ಸ್ವಲ್ಪ ತಗ್ಗಿಸಿದ.