ಹಳೆಯ ಡಿಸ್ಕ್ ಅಳಿಸುವ ಮುನ್ನ

ಹೊಳಲ್ಕೆರೆಯ ಮದುವೆ, ಹೊಸದುರ್ಗದ ಗೃಹಪ್ರವೇಶ ಎಲ್ಲದರ ವಿಡಿಯೊ ಬಂದು ಸೇರುವುದು ಚಿತ್ರದುರ್ಗದ ಮನೆಯ ಮೂಲೆಯಲ್ಲಿರುವ ಪುಟ್ಟ ಪೆಟ್ಟಿಗೆಗೆ. ಮನೆಮಂದಿಯ ಕಂಪ್ಯೂಟರು, ಮೊಬೈಲುಗಳೆಲ್ಲ ಹಂಚಿಕೊಳ್ಳುವ ಈ 'ನ್ಯಾಸ್' ತುಂಬಿದಾಗ ದೊಡ್ಡದನ್ನು ತರಲೇಬೇಕು. ಅಪಾಯ ಇರುವುದು ಆ ಸ್ಥಳಾಂತರದಲ್ಲೇ.

ಒಳಗಿನ ಎರಡು ಡಿಸ್ಕುಗಳು ಒಂದರ ಪಡಿಯಚ್ಚು ಇನ್ನೊಂದು ಎಂದು ಮೈಮರೆಯಬೇಡಿ. ಒಂದು ಕೆಟ್ಟರೆ ಮತ್ತೊಂದು ಕಾಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ ಫೈಲು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ! ಆದ್ದರಿಂದ ಮೊದಲು ಹೊರಗಿನ ಡಿಸ್ಕಿಗೆ ಬೇರೊಂದು ಪ್ರತಿ. ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿದರೂ 4 ಟೆರಾಬೈಟಿಗೆ 10 ಗಂಟೆ ಬೇಕು. ಹಿರಿಯೂರಿನ ಬೇಸಿಗೆಯಲ್ಲಿ ಅಷ್ಟು ಹೊತ್ತು ಕರೆಂಟನ್ನು ನೆಚ್ಚಬಹುದೆ? ಯುಪಿಎಸ್ ಇರಲಿ. 'ಆರ್‌ಸಿಂಕ್' ತಂತ್ರಾಂಶವಾದರೆ ಅರ್ಧಕ್ಕೆ ನಿಂತರೂ ಹೋದ ಫೈಲುಗಳನ್ನು ಬಿಟ್ಟು ಮುಂದುವರಿಯುತ್ತದೆ. 'ಚೆಕ್‌ಸಮ್' ಆಯ್ಕೆ ಕೊಟ್ಟು ಮತ್ತೊಮ್ಮೆ ಓಡಿಸಿದರೆ ಎರಡೂ ಕಡೆ ತಾಳೆ ನೋಡುತ್ತದೆ.

ಬೇರೆ ಬೇರೆ ಕಡೆ ಪ್ರತಿ ಇದ್ದರೆ ಏನು ಲಾಭವೆಂಬುದಕ್ಕೆ ಸಾಕ್ಷಿ ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಅಶೋಕನ ಒಂದೇ ಶಾಸನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಬಂಡೆಗಳ ಮೇಲಿದೆ. (ಉದ್ದೇಶ ಬೇರೆ ಇದ್ದೀತು.) ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಇವುಗಳಲ್ಲಿ ಜಟಿಂಗ ರಾಮೇಶ್ವರದ್ದು ತೀರ ಸವೆದಿದೆ. ಅಲ್ಲಿ ಅಳಿಸಿದ್ದನ್ನು ವಿದ್ವಾಂಸರು ಬ್ರಹ್ಮಗಿರಿಯ ಪ್ರತಿ ನೋಡಿ ತಿಳಿಯುತ್ತಾರೆ.

ಹಳೆಯ ಡಿಸ್ಕುಗಳನ್ನು ತಿಂಗಳಾದರೂ ಹಾಗೆಯೇ ಎತ್ತಿಡಿ, ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಯಲ್ಲಿ.