ನಾಲಾ ಅಲ್ಲ, ನದಿ

ಊರಿನ ಹೊಳೆ ಯಾವುದೆಂದು ಕೇಳಿದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ನೇತ್ರಾವತಿ, ಶಾಂಭವಿ, ಶರಾವತಿ, ಘಟಪ್ರಭಾ ಎಂದು ಅಭಿಮಾನದಿಂದ ಹೆಸರಿಸುತ್ತೇವೆ. ಆದರೆ ಮಾಹಿಮ್-ಬಾಂದ್ರಾಗಳ ನಡುವೆ ಲೋಕಲ್ ಗಾಡಿ ದಿನಕ್ಕೆರಡು ಬಾರಿ ದಾಟಿಸುವ ನೀರನ್ನು 'ನಾಲಾ' ಎಂದೇ ಕರೆದು ಮೂಗು ಮುಚ್ಚಿಕೊಂಡವರಲ್ಲಿ ನಾನೂ ಒಬ್ಬ. ಅದು ಮೀಠೀ ನದಿ. ವಿಹಾರ್, ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು, ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಅಳಿವೆಯನ್ನು ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸುಗಳೊಳಗೆ 944 ಮಿ.ಮೀ. ಮಳೆ ಸುರಿದು ಮನೆಗಳು ಮುಳುಗಿದಾಗಲೇ ಅದು ನದಿಯೆಂಬುದು ನಗರಕ್ಕೆ ನೆನಪಾಯಿತು. ಆಮೇಲೆ ದಡಗಳಿಗೆ ಕಾಂಕ್ರೀಟ್ ಗೋಡೆಗಳು ಬಂದವು. ಕೊಳಚೆ ಮಾತ್ರ ನಿಲ್ಲಲಿಲ್ಲ.

ವಕೀಲ ಅಫ್ರೋಜ್ ಶಾ 2015ರಲ್ಲಿ ವೆರ್ಸೋವಾ ಕಡಲತೀರದ ಕಸ ಹೆಕ್ಕತೊಡಗಿದಾಗ ಜೊತೆಗಿದ್ದವರು ನೆರೆಮನೆಯ ವೃದ್ಧರೊಬ್ಬರು. ಬರಬರುತ್ತ ನೂರಾರು ಜನ ಕೂಡಿಕೊಂಡರು. 2018ರಲ್ಲಿ ಅದೇ ಮರಳಿನಿಂದ ಕಡಲಾಮೆಯ ಮರಿಗಳು ನೀರಿಗಿಳಿದವು. ಮುಂದೆ ಈ ಸ್ವಯಂಸೇವಕರು ಮೀಠೀ ನದಿಗೂ ಕೈಯಿಕ್ಕಿದರು.

ಇಂದು ತೆಗೆದ ಪ್ಲಾಸ್ಟಿಕ್ ನಾಳೆ ಮತ್ತೆ ತೇಲಿಬರುತ್ತದೆ, ಇದು ಪಾಲಿಕೆಯ ಕೆಲಸ ಎಂದು ಮಿತ್ರರು ಆಕ್ಷೇಪಿಸುತ್ತಾರೆ. ಆ ಮಾತನ್ನು ಅಲ್ಲಗಳೆಯಲಾರೆ. ಕೊಳಚೆಯನ್ನು ಶುದ್ಧೀಕರಿಸುವ ಹೊಣೆ ಆಡಳಿತದ್ದೇ. ಭಾನುವಾರದ ಶ್ರಮದಾನ ಅದಕ್ಕೆ ಬದಲಿಯಾಗದು. ಆದರೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತವನಿಗೆ ಯಾವ ಕೊಳವೆಯಿಂದ ಏನು ಹರಿದುಬರುತ್ತಿದೆ ಎಂಬುದು ಕಣ್ಣಾರೆ ಗೊತ್ತಿರುತ್ತದೆ. ಆತ ಅಧಿಕಾರಿಗಳನ್ನು ಪ್ರಶ್ನಿಸಿದಾಗ ಹಾರಿಕೆಯ ಉತ್ತರ ಸಾಲದು.

ನಮ್ಮ ಸಂಘಗಳ ವನಮಹೋತ್ಸವದ ಬಗೆಗೂ ಒಂದು ಮಾತು. ನಾವು ಉತ್ಸಾಹದಿಂದ ನೆಡುವ ಗುಲ್‌ಮೊಹರ್ ಮಡಗಾಸ್ಕರಿನ ಮರ. ಹೊಳೆಯ ದಡಕ್ಕೆ ಒಗ್ಗುವುದು ಹೊಂಗೆ, ಅತ್ತಿ, ಹೊಳೆದಾಸವಾಳ. ಉಪ್ಪುನೀರಿನ ಅಳಿವೆಗೆ ಕಾಂಡ್ಲ. ನಮ್ಮ ಹೊಳೆದಾಸವಾಳವೇ ಇಲ್ಲಿಯ ತಾಮ್ಹಣ, ಮಹಾರಾಷ್ಟ್ರದ ರಾಜ್ಯಪುಷ್ಪ. ಊರಿನ ಗಿಡವನ್ನು ಇಲ್ಲಿ ನೆಟ್ಟರೆ ಅದು ಈ ನೆಲದ್ದೇ ಗಿಡ. ಸರಿಯಾದ ಗಿಡಗಳು ಏನು ಮಾಡಬಲ್ಲವೆಂಬುದಕ್ಕೆ ದೂರ ಹೋಗಬೇಕಿಲ್ಲ: ಧಾರಾವಿಯ ಪಕ್ಕದಲ್ಲಿ, ಮೀಠೀ ನದಿಯ ದಡದಲ್ಲಿ ಕಸದ ತಿಪ್ಪೆಯಾಗಿದ್ದ ನೆಲ 1994ರಲ್ಲಿ 37 ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವಾಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೆ. ದಹಿಸರ್, ಪೊಯಿಸರ್, ಓಶಿವಾರಾ, ಮೀಠೀ ಈ ನಾಲ್ಕು ನದಿಗಳ ಸಮೀಪದ ಪ್ರತಿಯೊಂದು ಕನ್ನಡ ಸಂಘವೂ ಒಂದೊಂದು ಫರ್ಲಾಂಗು ದಡವನ್ನು ಮರಾಠಿ ನೆರೆಹೊರೆಯವರೊಡಗೂಡಿ ವಹಿಸಿಕೊಳ್ಳಲಿ; ನೆಟ್ಟ ಗಿಡಗಳನ್ನು ಮೂರು ಮಳೆಗಾಲವಾದರೂ ನೋಡಿಕೊಳ್ಳಲಿ. ನಮಗೆ ಅನ್ನವಿಕ್ಕಿದ ನೆಲದ ಹೊಳೆಯನ್ನು ನಮ್ಮ ಮಕ್ಕಳಾದರೂ ಅದರ ಹೆಸರು ಹಿಡಿದು ಕರೆಯುವಂತಾಗಲಿ.